ಪುಟ್ಟ ಲ್ಯಾಪ್‌ಟಾಪ್‌ಗೆ ಪೆನ್‌ಡ್ರೈವ್‌ನಿಂದ ಲಿನಕ್ಸ್: ಮೊದಲ ಸಿದ್ಧತೆಯಿಂದ ಕೊನೆಯ ರೀಸ್ಟಾರ್ಟ್‌ವರೆಗೆ

ಹತ್ತು ಇಂಚಿನ ಲ್ಯಾಪ್‌ಟಾಪ್ ಒಂದಕ್ಕೆ ಮೊದಲ ಸಲ, ವಿಂಡೋಸ್‌ನಂತೆಯೇ ಕಂಪ್ಯೂಟರ್ ನಡೆಸುವ ವ್ಯವಸ್ಥೆಯಾದ ಲಿನಕ್ಸ್ ಹಾಕಲು ಕುಳಿತಾಗ ನಾನು ಎರಡನೆಯ ಹಂತದಲ್ಲೇ ನಿಂತುಬಿಟ್ಟೆ. ಭಾಷೆ ಆರಿಸಿಯಾಗಿತ್ತು, ಮುಂದಕ್ಕೆ ಹೋಗುವ ಗುಂಡಿ ಮಾತ್ರ ಎಲ್ಲೂ ಕಾಣಲಿಲ್ಲ. ಪರದೆಯ ಎತ್ತರ 600 ಪಿಕ್ಸೆಲ್. ಇನ್‌ಸ್ಟಾಲರ್‌ನ ಕಿಟಕಿ ಅದಕ್ಕಿಂತ ಉದ್ದವಾಗಿತ್ತು. ಗುಂಡಿ ಪರದೆಯ ಅಂಚಿನ ಕೆಳಗೆ ಅಡಗಿತ್ತು. ಆಲ್ಟ್ ಕೀಯನ್ನು ಒತ್ತಿ ಹಿಡಿದು, ಕಿಟಕಿಯ ಮೇಲೆ ಎಲ್ಲಾದರೂ ಮೌಸ್ ಒತ್ತಿ ಮೇಲಕ್ಕೆ ಎಳೆದರೆ ಇಡೀ ಕಿಟಕಿ ಪರದೆಯಾಚೆಗೂ ಸರಿಯುತ್ತದೆ, ಗುಂಡಿ ಕಾಣಿಸಿಕೊಳ್ಳುತ್ತದೆ. ಇಷ್ಟು ಸಣ್ಣ ವಿಷಯ ತಿಳಿಯಲು ನನಗೆ ಒಂದು ಸಂಜೆ ಹಿಡಿಯಿತು. ಆ ಸಂಜೆ ನಿಮಗೆ ಉಳಿಯಲಿ ಎಂದೇ ಇದನ್ನು ಮೊದಲಿಗೆ ಹೇಳಿದ್ದೇನೆ.

ಇನ್‌ಸ್ಟಾಲ್ ಮಾಡುವ ಕೆಲಸಕ್ಕೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಅದು ಸುಸೂತ್ರವಾಗಿ ಮುಗಿಯುತ್ತದೆಯೇ ಇಲ್ಲವೇ ಎಂಬುದು ಅದಕ್ಕೂ ಮೊದಲೇ ತೀರ್ಮಾನವಾಗಿರುತ್ತದೆ: ಯಂತ್ರ ಎಂಥದೆಂದು ನೋಡಿಕೊಂಡಿರಾ, ಫೈಲ್‌ಗಳನ್ನು ಬೇರೆಡೆ ಇಟ್ಟಿರಾ, ಪೆನ್‌ಡ್ರೈವ್‌ನಿಂದಲೇ ನಡೆಸಿ ಪರೀಕ್ಷಿಸಿದಿರಾ ಎಂಬುದರಲ್ಲಿ. ಹೀಗಾಗಿ ಈ ಲೇಖನದ ಹೆಚ್ಚಿನ ಭಾಗ ಆ ಸಿದ್ಧತೆಗೇ ಮೀಸಲು.

ಲಿನಕ್ಸ್‌ಗೂ ಪುಟ್ಟ ಲ್ಯಾಪ್‌ಟಾಪ್‌ಗಳಿಗೂ ಹಳೆಯ ನಂಟಿದೆ. 2007ರಲ್ಲಿ ಏಸುಸ್ ಕಂಪನಿ ಹೊರತಂದ ಏಳು ಇಂಚಿನ ಈ-ಪಿಸಿ ಲಿನಕ್ಸ್‌ನೊಂದಿಗೇ ಮಾರುಕಟ್ಟೆಗೆ ಬಂತು. ಅದರಲ್ಲಿದ್ದದ್ದು 512 ಎಂಬಿ ರ್‍ಯಾಮ್ ಮತ್ತು 4 ಜಿಬಿ ಸಂಗ್ರಹ. ನೆಟ್‌ಬುಕ್ ಎಂಬ ಹೆಸರು ಜನಪ್ರಿಯವಾದದ್ದು ಆ ಕಾಲದಲ್ಲೇ. ಈಗ ಮತ್ತೆ ಅದೇ ಜಾತಿಯ ಯಂತ್ರಗಳು ಲಿನಕ್ಸ್‌ನ ಕಡೆ ನೋಡುವ ಸಮಯ ಬಂದಿದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ್‍ಯಾಮ್, 64 ಜಿಬಿ ಸಂಗ್ರಹ ಮತ್ತು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. 2 ಜಿಬಿ ರ್‍ಯಾಮ್, 32 ಜಿಬಿ ಸಂಗ್ರಹದ ಲ್ಯಾಪ್‌ಟಾಪ್‌ಗೆ ಆ ಬಾಗಿಲು ಮುಚ್ಚಿದೆ. ಆದರೆ ಯಂತ್ರ ಕೆಟ್ಟಿಲ್ಲ. ಪತ್ರ ಬರೆಯಲು, ಓದಲು, ಮಿಂಚಂಚೆ ನೋಡಲು, ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸಲು ಅದರಲ್ಲಿ ಇನ್ನೂ ವರ್ಷಗಟ್ಟಲೆ ಕಸುವಿದೆ.

ಮೊದಲು ಯಂತ್ರವನ್ನು ಗುರುತಿಸಿ

ವಿಂಡೋಸ್ ಇನ್ನೂ ತೆರೆದುಕೊಳ್ಳುತ್ತಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರೊಳಗೆ ಅಬೌಟ್ ಎಂಬಲ್ಲಿಗೆ ಹೋಗಿ. ಅಲ್ಲಿ ಎಷ್ಟು ರ್‍ಯಾಮ್ ಇದೆ ಎಂಬುದರ ಜೊತೆಗೆ ಸಿಸ್ಟಮ್ ಟೈಪ್ ಎಂಬ ಸಾಲು ಇರುತ್ತದೆ. ಆ ಸಾಲಿನಲ್ಲಿ ಎರಡು ಸಂಗತಿಗಳಿವೆ: ವಿಂಡೋಸ್ ಎಷ್ಟು ಬಿಟ್‌ನದು, ಪ್ರೊಸೆಸರ್ ಎಷ್ಟು ಬಿಟ್‌ನದು. ನಮಗೆ ಮುಖ್ಯವಾದದ್ದು ಎರಡನೆಯದು. ನಂತರ ಸಿಸ್ಟಮ್ ಇನ್ಫರ್ಮೇಶನ್ ಎಂದು ಹುಡುಕಿ ತೆರೆದು, ಬಯಾಸ್ ಮೋಡ್ ಎಂಬ ಸಾಲಿನಲ್ಲಿ ಯುಇಎಫ್‌ಐ (ಯಂತ್ರ ಶುರುವಾಗುವ ಹೊಸ ವಿಧಾನ) ಎಂದಿದೆಯೋ ಲೆಗಸಿ (ಹಳೆಯ ವಿಧಾನ) ಎಂದಿದೆಯೋ ನೋಡಿ. ಈ ನಾಲ್ಕೂ ವಿವರಗಳನ್ನು ಕಾಗದದ ಮೇಲೆ ಬರೆದುಕೊಳ್ಳಿ. ಮುಂದೆ ಲ್ಯಾಪ್‌ಟಾಪ್ ತೆರೆದು ನೋಡುವ ಸ್ಥಿತಿಯಲ್ಲಿ ಇರುವುದಿಲ್ಲ.

ಈ ವಿವರಗಳಿಂದ ಮೂರು ಬಗೆಯ ಯಂತ್ರಗಳು ಬೇರ್ಪಡುತ್ತವೆ. ಪ್ರೊಸೆಸರ್ 64 ಬಿಟ್, ವಿಂಡೋಸ್ ಕೂಡ 64 ಬಿಟ್ ಆಗಿದ್ದರೆ ಚಿಂತೆಯಿಲ್ಲ, ಹೆಚ್ಚಿನ ಹೊಸ ಲಿನಕ್ಸ್‌ಗಳು ನಡೆಯುತ್ತವೆ. ಪ್ರೊಸೆಸರೇ 32 ಬಿಟ್ ಆಗಿದ್ದರೆ, ಉದಾಹರಣೆಗೆ 2008ರ ಸುಮಾರಿನ ನೆಟ್‌ಬುಕ್‌ಗಳಲ್ಲಿ ಬಂದ ಇಂಟೆಲ್ ಆ್ಯಟಮ್ ಎನ್270, ಆಯ್ಕೆಗಳು ಕಡಿಮೆ. ಲಿನಕ್ಸ್‌ನ ಬಗೆಗಳಲ್ಲೊಂದಾದ ಡೆಬಿಯನ್ ತನ್ನ 32 ಬಿಟ್ ಇನ್‌ಸ್ಟಾಲರ್ ಅನ್ನು 2023ರ ಡೆಬಿಯನ್ 12ರವರೆಗೆ ಕೊಟ್ಟು, 2025ರ ಆಗಸ್ಟ್‌ನಲ್ಲಿ ಬಂದ 13ನೆಯ ಆವೃತ್ತಿಯಲ್ಲಿ ಕೈಬಿಟ್ಟಿತು. ಇಂಥ ಯಂತ್ರಗಳಿಗೆ ನಾನು ಸೂಚಿಸುವುದು ಆಂಟಿಎಕ್ಸ್ 23ರ 32 ಬಿಟ್ ಆವೃತ್ತಿಯನ್ನು. ಅದು ಡೆಬಿಯನ್ ಮೇಲೆಯೇ ಕಟ್ಟಿದ್ದು, ಬಹಳ ಕಡಿಮೆ ರ್‍ಯಾಮ್‌ನಲ್ಲೂ ಉಸಿರಾಡುತ್ತದೆ.

ಮೂರನೆಯ ಬಗೆಯದು ಜನರನ್ನು ಹೆಚ್ಚು ಕಾಡುತ್ತದೆ. ಪ್ರೊಸೆಸರ್ 64 ಬಿಟ್, ವಿಂಡೋಸ್ 32 ಬಿಟ್, ಬಯಾಸ್ ಮೋಡ್ ಯುಇಎಫ್‌ಐ. ಆ್ಯಟಮ್ ಝಡ್3735ಎಫ್ ಚಿಪ್ ಇರುವ ಅಗ್ಗದ ಲ್ಯಾಪ್‌ಟಾಪ್‌ಗಳು, ಕೀಲಿಮಣೆ ಕಳಚಿ ಟ್ಯಾಬ್ಲೆಟ್ ಆಗುವ ಯಂತ್ರಗಳು ಹೆಚ್ಚಾಗಿ ಈ ಗುಂಪಿನವು. ಯುಇಎಫ್‌ಐ ವಿಧಾನದಲ್ಲಿ ವಿಂಡೋಸ್ ಮತ್ತು ಫರ್ಮ್‌ವೇರ್ (ಯಂತ್ರ ಆನ್ ಆದ ಕೂಡಲೇ ಓಡುವ ಒಳತಂತ್ರಾಂಶ) ಒಂದೇ ಬಿಟ್‌ನವಾಗಿರಲೇಬೇಕು. ಆದ್ದರಿಂದ ಇಲ್ಲಿ ಫರ್ಮ್‌ವೇರ್ 32 ಬಿಟ್‌ನದು ಎಂದು ಅರ್ಥ. 64 ಬಿಟ್‌ಗೆ ಮಾತ್ರ ಸಿದ್ಧಪಡಿಸಿದ ಪೆನ್‌ಡ್ರೈವ್ ಹಾಕಿದರೆ ಈ ಯಂತ್ರಗಳು ಅದನ್ನು ಕಂಡೂ ಕಾಣದಂತೆ ಇರುತ್ತವೆ. ಪೆನ್‌ಡ್ರೈವ್ ಹಾಳಾಗಿದೆ ಎಂದುಕೊಂಡು ಮತ್ತೆ ಮತ್ತೆ ಬರೆಯುತ್ತಾ ಕೂರಬೇಡಿ. ಡೆಬಿಯನ್‌ನ ಇನ್‌ಸ್ಟಾಲರ್ 32 ಬಿಟ್ ಯುಇಎಫ್‌ಐಯಿಂದಲೂ ಶುರುವಾಗುತ್ತದೆ. ಈ ಗುಂಪಿನವರು ನೇರವಾಗಿ ಅದನ್ನೇ ಆರಿಸಿಕೊಳ್ಳುವುದು ಲೇಸು.

ಉಳಿದವರಿಗೆ ನನ್ನ ಆಯ್ಕೆ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ. ಅದಕ್ಕೆ ಕನಿಷ್ಠ 2 ಜಿಬಿ ರ್‍ಯಾಮ್, 20 ಜಿಬಿ ಜಾಗ ಬೇಕು; 4 ಜಿಬಿ ರ್‍ಯಾಮ್ ಇದ್ದರೆ ಹಾಯಾಗಿ ನಡೆಯುತ್ತದೆ. 22ನೆಯ ಸರಣಿಗೆ 2029ರವರೆಗೆ ಸುರಕ್ಷತಾ ಅಪ್‌ಡೇಟ್‌ಗಳು ಸಿಗುತ್ತವೆ. ವಿಂಡೋಸ್‌ನಿಂದ ಬಂದವರಿಗೆ ಅದರ ಮೆನು, ಕೆಳಗಿನ ಪಟ್ಟಿ ಎಲ್ಲವೂ ಪರಿಚಿತವೆನಿಸುತ್ತವೆ. ಇನ್ನೂ ಹಗುರವಾದದ್ದು ಬೇಕೆಂದರೆ ಲುಬುಂಟು ಇದೆ. ಮುಂದಿನ ಹಂತಗಳನ್ನು ಮಿಂಟ್ ಇಟ್ಟುಕೊಂಡು ವಿವರಿಸುತ್ತೇನೆ, ಉಳಿದವುಗಳಲ್ಲೂ ದಾರಿ ಬಹುಮಟ್ಟಿಗೆ ಇದೇ.

ಫೈಲ್‌ಗಳು, ಮತ್ತು ಒಂದು ಉದ್ದನೆಯ ಸಂಖ್ಯೆ

ಫೋಟೊ, ದಾಖಲೆ, ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್, ಬುಕ್‌ಮಾರ್ಕ್ ಎಲ್ಲವನ್ನೂ ಬೇರೆ ಡಿಸ್ಕ್‌ಗೆ ನಕಲು ಮಾಡಿ. ನಕಲು ಮಾಡಿದ ಮೇಲೆ ಬೇರೊಂದು ಕಂಪ್ಯೂಟರ್‌ನಲ್ಲಿ ನಾಲ್ಕೈದು ಫೈಲ್ ತೆರೆದು ನೋಡಿ. ತೆರೆದು ನೋಡದ ನಕಲನ್ನು ನಂಬಬೇಡಿ.

ವಿಂಡೋಸ್ ಅನ್ನೂ ಉಳಿಸಿಕೊಳ್ಳುವ ಯೋಚನೆಯಿದ್ದರೆ ಇನ್ನೆರಡು ಕೆಲಸಗಳಿವೆ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಬಿಟ್‌ಲಾಕರ್ ಎಂಬ ಗೂಢಲಿಪೀಕರಣ ಮಾಲೀಕರಿಗೆ ಗೊತ್ತಿಲ್ಲದೆಯೇ ಚಾಲೂ ಆಗಿರಬಹುದು. ಬೂಟ್ ವ್ಯವಸ್ಥೆ, ಅಂದರೆ ಯಂತ್ರ ಶುರುವಾಗುವ ರೀತಿ, ಬದಲಾದ ಕೂಡಲೇ ಅದು 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಅದನ್ನು ಮೊದಲೇ ಹುಡುಕಿ ಬರೆದಿಟ್ಟುಕೊಳ್ಳಿ ಅಥವಾ ಗೂಢಲಿಪೀಕರಣವನ್ನೇ ತೆಗೆದುಹಾಕಿ. ಎರಡನೆಯದಾಗಿ, ಪವರ್ ಆಪ್ಷನ್ಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಅನ್ನು ಆಫ್ ಮಾಡಿ. ಅದು ಆನ್ ಇದ್ದರೆ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳದೆ ಅರೆನಿದ್ದೆಯಲ್ಲಿರುತ್ತದೆ, ಲಿನಕ್ಸ್ ಆ ಡಿಸ್ಕ್ ಮೇಲೆ ಬರೆಯಲು ಒಪ್ಪುವುದಿಲ್ಲ.

ಆದರೆ 32 ಜಿಬಿಯ ಯಂತ್ರದಲ್ಲಿ ಎರಡನ್ನೂ ಇಡುವ ಆಸೆ ಬಿಡಿ ಎಂದೇ ನನ್ನ ಸಲಹೆ. ವಿಂಡೋಸ್‌ಗೂ ಜಾಗ ಸಾಲುವುದಿಲ್ಲ, ಲಿನಕ್ಸ್‌ಗೂ ಸಾಲುವುದಿಲ್ಲ. ಎರಡೂ ಅಪ್‌ಡೇಟ್‌ಗೆ ಜಾಗವಿಲ್ಲದೆ ಒದ್ದಾಡುತ್ತವೆ.

ಪೆನ್‌ಡ್ರೈವ್ ಸಿದ್ಧಪಡಿಸುವುದು

8 ಜಿಬಿ ಅಥವಾ 16 ಜಿಬಿಯ ಪೆನ್‌ಡ್ರೈವ್ ಸಾಕು. ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಲ್ಯಾಪ್‌ಟಾಪ್‌ನ ಒಳಗಿನ ಸಂಗ್ರಹ 32 ಜಿಬಿ ಇದ್ದರೆ 32 ಜಿಬಿಯ ಪೆನ್‌ಡ್ರೈವ್ ಬಳಸಬೇಡಿ. ಇನ್‌ಸ್ಟಾಲ್ ಮಾಡುವಾಗ ಯಾವುದು ಯಾವುದೆಂದು ಗುರುತಿಸಲು ಗಾತ್ರದಲ್ಲಿ ವ್ಯತ್ಯಾಸ ಇರುವುದು ಬಹಳ ಉಪಕಾರಿ.

ಮಿಂಟ್‌ನ ಅಧಿಕೃತ ಜಾಲತಾಣದಿಂದಲೇ ಇಡೀ ಲಿನಕ್ಸ್ ಒಂದರಲ್ಲೇ ಅಡಗಿರುವ ಐಎಸ್‌ಒ ಫೈಲ್ ಇಳಿಸಿಕೊಳ್ಳಿ. ಸುಮಾರು 3 ಜಿಬಿ ಆಗುತ್ತದೆ. ಇಳಿದ ಫೈಲ್ ಸರಿಯಾಗಿದೆಯೇ ಎಂದು ಪರೀಕ್ಷಿಸಲು ಅದೇ ಪುಟದಲ್ಲಿ ಎಸ್‌ಎಚ್‌ಎ-256 ಎಂಬ 64 ಅಕ್ಷರಗಳ ಗುರುತು ಕೊಟ್ಟಿರುತ್ತಾರೆ. ವಿಂಡೋಸ್‌ನಲ್ಲಿ ಸೆವೆನ್-ಝಿಪ್ ಇದ್ದರೆ ಫೈಲ್ ಮೇಲೆ ಬಲಗುಂಡಿ ಒತ್ತಿ ಈ ಗುರುತನ್ನು ಲೆಕ್ಕ ಹಾಕಿಸಬಹುದು. ಎರಡೂ ಅಕ್ಷರಶಃ ಒಂದೇ ಆಗಿರಬೇಕು. ಒಂದು ಅಕ್ಷರ ತಪ್ಪಿದರೂ ಫೈಲ್ ಅನ್ನು ಅಳಿಸಿ ಮತ್ತೆ ಇಳಿಸಿಕೊಳ್ಳಿ. ನಿಧಾನಗತಿಯ ಇಂಟರ್‌ನೆಟ್‌ನಲ್ಲಿ ಅರೆಬರೆ ಇಳಿದ ಫೈಲ್‌ನಿಂದ ಇನ್‌ಸ್ಟಾಲ್ ಶುರುವಾಗಿ, ನಡುವೆ ಕೈಕೊಟ್ಟು, ಕೊನೆಗೆ ವಿಂಡೋಸೂ ಇಲ್ಲ ಲಿನಕ್ಸೂ ಇಲ್ಲ ಎಂಬ ಸ್ಥಿತಿಗೆ ಬಂದವರನ್ನು ಕಂಡಿದ್ದೇನೆ. ಎರಡು ನಿಮಿಷದ ಪರೀಕ್ಷೆ ಅದನ್ನು ತಪ್ಪಿಸುತ್ತಿತ್ತು.

ಐಎಸ್‌ಒ ಫೈಲ್ ಅನ್ನು ಹಾಗೇ ಪೆನ್‌ಡ್ರೈವ್‌ಗೆ ನಕಲು ಮಾಡಿದರೆ ಅದು ಬೂಟ್ ಆಗುವುದಿಲ್ಲ. ಅದನ್ನು ಬರೆಯಲು ಬೇರೆ ತಂತ್ರಾಂಶ ಬೇಕು. ವಿಂಡೋಸ್‌ನಲ್ಲಿ ರೂಫಸ್ ಚಿಕ್ಕದು, ಚುರುಕು. ಪೆನ್‌ಡ್ರೈವ್ ಆರಿಸಿ, ಫೈಲ್ ಆರಿಸಿ, ಸ್ಟಾರ್ಟ್ ಒತ್ತಿ. ನಡುವೆ ಐಎಸ್‌ಒ ವಿಧಾನವೋ ಡಿಡಿ ವಿಧಾನವೋ ಎಂದು ಕೇಳಿದರೆ ಮೊದಲನೆಯದನ್ನೇ ಆರಿಸಿ. ಅದರಿಂದ ಬೂಟ್ ಆಗದಿದ್ದರೆ ಮಾತ್ರ ಎರಡನೆಯದು. ಬಲೆನಾ ಎಚರ್ ಎಂಬುದು ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಬರೆದು ಮುಗಿದ ಮೇಲೆ ಕೆಲವೊಮ್ಮೆ ವಿಂಡೋಸ್ ಈ ಪೆನ್‌ಡ್ರೈವ್ ಅನ್ನು ಓದಲಾಗದೆ ಫಾರ್ಮ್ಯಾಟ್ ಮಾಡಬೇಕೇ ಎಂದು ಕೇಳುತ್ತದೆ. ಬೇಡ ಎನ್ನಿ, ಪೆನ್‌ಡ್ರೈವ್ ಸರಿಯಾಗಿಯೇ ಇದೆ.

ಬೂಟ್ ಮಾಡುವುದು

ಲ್ಯಾಪ್‌ಟಾಪ್ ಅನ್ನು ಚಾರ್ಜರ್‌ಗೆ ಸಿಕ್ಕಿಸಿ, ಪೆನ್‌ಡ್ರೈವ್ ಹಾಕಿ. ಯಂತ್ರ ಆನ್ ಮಾಡಿದ ಕ್ಷಣದಿಂದ ಬೂಟ್ ಮೆನುವಿನ ಕೀಯನ್ನು ಒಂದೇ ಸಮನೆ ತಟ್ಟುತ್ತಿರಿ. ಲೆನೊವೊ, ಡೆಲ್ ಯಂತ್ರಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸುಸ್‌ನಲ್ಲಿ ಎಸ್ಕೇಪ್. ಏಸರ್‌ನಲ್ಲೂ ಎಫ್12, ಆದರೆ ಹಲವು ಮಾದರಿಗಳಲ್ಲಿ ಮೊದಲು ಎಫ್2 ಒತ್ತಿ, ಯಂತ್ರದ ಮೂಲ ಸೆಟ್ಟಿಂಗ್‌ಗಳಿರುವ ಬಯಾಸ್‌ನೊಳಗೆ ಹೋಗಿ ಆ ಮೆನುವನ್ನು ಚಾಲೂ ಮಾಡಬೇಕು. ಕೀ ಯಾವುದೆಂದು ಸಿಗದಿದ್ದರೆ ವಿಂಡೋಸ್‌ನಲ್ಲಿ ಶಿಫ್ಟ್ ಕೀ ಹಿಡಿದುಕೊಂಡೇ ರೀಸ್ಟಾರ್ಟ್ ಒತ್ತಿ. ತೆರೆಯುವ ನೀಲಿ ಪರದೆಯಲ್ಲಿ ಸಾಧನವೊಂದರಿಂದ ಬೂಟ್ ಮಾಡುವ ಆಯ್ಕೆ ಇರುತ್ತದೆ.

ಮೆನುವಿನಲ್ಲಿ ಒಂದೇ ಪೆನ್‌ಡ್ರೈವ್ ಎರಡು ಸಲ ಕಾಣಿಸಿದರೆ, ಯುಇಎಫ್‌ಐ ಎಂಬ ಪದವಿರುವುದನ್ನು ಆರಿಸಿ. ಬಯಾಸ್ ಮೋಡ್ ಲೆಗಸಿ ಎಂದು ಬರೆದುಕೊಂಡಿದ್ದವರು ಮಾತ್ರ ಇನ್ನೊಂದನ್ನು ಆರಿಸಬೇಕು. ಸಹಿ ಇರುವ ತಂತ್ರಾಂಶವನ್ನು ಮಾತ್ರ ಬೂಟ್ ಆಗಲು ಬಿಡುವ ಸೆಕ್ಯೂರ್ ಬೂಟ್ ಅನ್ನು ಆಫ್ ಮಾಡಲೇಬೇಕು ಎಂದು ಹಲವರು ಹೇಳುತ್ತಾರೆ. ಮಿಂಟ್, ಉಬುಂಟು, ಡೆಬಿಯನ್, ಫೆಡೋರಾಗಳಿಗೆ ಅದರ ಅಗತ್ಯವಿಲ್ಲ. ಯಂತ್ರ ತಕರಾರು ತೆಗೆದರೆ ಮಾತ್ರ ಆಫ್ ಮಾಡಿ.

ಮಿಂಟ್‌ನ ಮೊದಲ ಆಯ್ಕೆ ಒತ್ತಿದ ಮೇಲೆ ಪರದೆ ಕಪ್ಪಾಗಿಯೇ ಉಳಿದರೆ, ಮತ್ತೆ ಶುರುಮಾಡಿ ಕಂಪ್ಯಾಟಿಬಿಲಿಟಿ ಮೋಡ್ ಎಂಬುದನ್ನು ಆರಿಸಿ. ಪರದೆಯ ಚಿತ್ರಣವನ್ನು ಅತಿ ಸರಳ ವಿಧಾನದಲ್ಲಿ ತೋರಿಸುವುದರಿಂದ ಹಠಮಾರಿ ಗ್ರಾಫಿಕ್ಸ್ ಚಿಪ್‌ಗಳೂ ದಾರಿಗೆ ಬರುತ್ತವೆ.

ಇನ್‌ಸ್ಟಾಲ್ ಮಾಡುವ ಮುನ್ನ ಅದರಲ್ಲೇ ಬದುಕಿ ನೋಡಿ

ಈಗ ನಿಮ್ಮ ಮುಂದಿರುವುದು ಪೆನ್‌ಡ್ರೈವ್‌ನಿಂದಲೇ ಓಡುತ್ತಿರುವ ಪೂರ್ಣ ಲಿನಕ್ಸ್. ಒಳಗಿನ ಡಿಸ್ಕ್‌ನ ಒಂದು ಅಕ್ಷರವೂ ಇನ್ನೂ ಬದಲಾಗಿಲ್ಲ. ಪರದೆಯ ಮೇಲೆ ಇನ್‌ಸ್ಟಾಲ್ ಎಂಬ ಚಿಹ್ನೆ ಕರೆಯುತ್ತಿರುತ್ತದೆ. ದಯವಿಟ್ಟು ಅರ್ಧ ಗಂಟೆ ಅದನ್ನು ಮುಟ್ಟಬೇಡಿ.

ಮೊದಲು ವೈಫೈ. ಸುತ್ತಲಿನ ಜಾಲಗಳ ಹೆಸರು ಕಾಣುತ್ತಿವೆಯೇ, ಸಂಪರ್ಕ ಸಿಗುತ್ತದೆಯೇ, ಒಂದು ವಿಡಿಯೊ ಹತ್ತು ನಿಮಿಷ ತಡೆಯಿಲ್ಲದೆ ಓಡುತ್ತದೆಯೇ ನೋಡಿ. ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ತೊಂದರೆ ಕೊಡುವ ಮೊದಲ ಭಾಗ ಇದು, ಅದರಲ್ಲೂ ಹಳೆಯ ಬ್ರಾಡ್‌ಕಾಮ್ ಚಿಪ್‌ಗಳು. ಜಾಲವೇ ಕಾಣದಿದ್ದರೆ ಮೊಬೈಲ್ ಅನ್ನು ಕೇಬಲ್‌ನಿಂದ ಲ್ಯಾಪ್‌ಟಾಪ್‌ಗೆ ಸೇರಿಸಿ, ಮೊಬೈಲ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಮೊಬೈಲ್‌ನ ಇಂಟರ್‌ನೆಟ್ ಲ್ಯಾಪ್‌ಟಾಪ್‌ಗೆ ಬರುತ್ತದೆ. ನಂತರ ಮೆನುವಿನಲ್ಲಿ ಡ್ರೈವರ್ ಮ್ಯಾನೇಜರ್ ತೆರೆದರೆ ಬೇಕಾದ ಡ್ರೈವರ್ ಅದೇ ಹುಡುಕಿ ತೋರಿಸಬಹುದು.

ಆಮೇಲೆ ಧ್ವನಿ. ಸ್ಪೀಕರ್‌ನಲ್ಲೂ ಹೆಡ್‌ಫೋನ್‌ನಲ್ಲೂ ಕೇಳಿಸಿಕೊಳ್ಳಿ. ಟಚ್‌ಪ್ಯಾಡ್‌ನಲ್ಲಿ ಎರಡು ಬೆರಳಿನಿಂದ ಪುಟ ಸರಿಸಿ. ಪರದೆಯ ಬೆಳಕು ಏರಿಸಿ, ಇಳಿಸಿ. ಕ್ಯಾಮೆರಾ ತೆರೆಯಿರಿ. ಕೊನೆಯದಾಗಿ, ಯಂತ್ರವನ್ನು ಸಸ್ಪೆಂಡ್ ಮಾಡಿ ಮತ್ತೆ ಎಬ್ಬಿಸಿ. ಎಬ್ಬಿಸಿದಾಗ ಪರದೆ ಬರುತ್ತದೆಯೇ, ವೈಫೈ ಮರಳುತ್ತದೆಯೇ? ದಿನನಿತ್ಯದ ಬಳಕೆಯಲ್ಲಿ ಇದು ಕೈಕೊಟ್ಟರೆ ಉಳಿದೆಲ್ಲ ಸರಿಯಿದ್ದರೂ ಬೇಸರ ಹುಟ್ಟುತ್ತದೆ. ಏನಾದರೂ ನಡೆಯದಿದ್ದರೆ ಯಂತ್ರ ಆಫ್ ಮಾಡಿ, ಬೇರೊಂದು ಲಿನಕ್ಸ್ ಅನ್ನು ಅದೇ ಪೆನ್‌ಡ್ರೈವ್‌ಗೆ ಬರೆದು ನೋಡಿ. ನಾಲ್ಕು ಬಗೆಯ ಲಿನಕ್ಸ್ ಪ್ರಯತ್ನಿಸಿದರೂ ನಿಮ್ಮ ಡಿಸ್ಕ್‌ಗೆ ಏನೂ ಆಗಿರುವುದಿಲ್ಲ. ಇಂಥ ಅನುಕೂಲವನ್ನು ಪೂರ್ತಿಯಾಗಿ ಬಳಸಿಕೊಳ್ಳಬೇಕು.

ಪೆನ್‌ಡ್ರೈವ್‌ನಿಂದ ಓಡುವಾಗ ಎಲ್ಲವೂ ತುಸು ನಿಧಾನ. ವೇಗವನ್ನು ಈಗಲೇ ಅಳೆಯಬೇಡಿ.

ಈಗ ಇನ್‌ಸ್ಟಾಲ್

ಚಿಹ್ನೆ ಒತ್ತಿದ ಮೇಲೆ ಭಾಷೆ, ಕೀಲಿಮಣೆ ಕೇಳುತ್ತದೆ. ಭಾಷೆ ಯಾವುದನ್ನಾದರೂ ಆರಿಸಿ, ಕೀಲಿಮಣೆಯನ್ನು ಮಾತ್ರ ಇಂಗ್ಲಿಷ್‌ನಲ್ಲೇ ಇಡಿ. ಪಾಸ್‌ವರ್ಡ್ ಕೊಡುವಾಗ ಕನ್ನಡ ವಿನ್ಯಾಸ ಚಾಲೂ ಇದ್ದರೆ ಮರುದಿನ ಲಾಗಿನ್ ಪರದೆಯಲ್ಲಿ ಅದೇ ಪಾಸ್‌ವರ್ಡ್ ಹೊಡೆಯಲು ಬಾರದೆ ಕಂಗಾಲಾಗುತ್ತೀರಿ. ಹಾಡು, ವಿಡಿಯೊ ನಡೆಸಲು ನೆರವಾಗುವ ಮಲ್ಟಿಮೀಡಿಯಾ ಕೋಡೆಕ್ ಸೇರಿಸಬೇಕೇ ಎಂಬುದಕ್ಕೆ ಹೌದು ಎನ್ನಿ. ಸೆಕ್ಯೂರ್ ಬೂಟ್ ಆನ್ ಇದ್ದರೆ ಅಲ್ಲೇ ಒಂದು ತಾತ್ಕಾಲಿಕ ಪಾಸ್‌ವರ್ಡ್ ಕೇಳಬಹುದು. ಅದನ್ನು ಬರೆದಿಟ್ಟುಕೊಳ್ಳಿ, ಮುಂದಿನ ಬೂಟ್‌ನಲ್ಲಿ ಒಮ್ಮೆ ಬೇಕಾಗುತ್ತದೆ.

ನಂತರ ಬರುವ ಪುಟದಲ್ಲಿ ಉಸಿರು ಬಿಗಿಹಿಡಿದು ಓದಿ. ಇರುವ ವಿಂಡೋಸ್ ಪಕ್ಕದಲ್ಲಿ ಹಾಕುವುದು, ಡಿಸ್ಕ್ ಪೂರ್ತಿ ಅಳಿಸಿ ಹಾಕುವುದು, ನೀವೇ ವಿಭಾಗಿಸಿಕೊಳ್ಳುವುದು ಎಂಬ ಆಯ್ಕೆಗಳು ಅಲ್ಲಿರುತ್ತವೆ. ಸಣ್ಣ ಡಿಸ್ಕ್ ಇರುವವರು ಪೂರ್ತಿ ಅಳಿಸುವುದನ್ನು ಆರಿಸಿ. ಬೂಟ್ ವಿಭಾಗ, ಮುಖ್ಯ ವಿಭಾಗ ಎಲ್ಲವನ್ನೂ ಇನ್‌ಸ್ಟಾಲರೇ ಮಾಡಿಕೊಳ್ಳುತ್ತದೆ.

ಯಾವ ಡಿಸ್ಕ್ ಎಂಬುದರಲ್ಲಿ ಪುಟ್ಟ ಲ್ಯಾಪ್‌ಟಾಪ್‌ಗಳು ಮೋಸಗೊಳಿಸುತ್ತವೆ. ಹಾರ್ಡ್ ಡಿಸ್ಕ್ ಅಥವಾ ಸಾಟಾ ಎಸ್‌ಎಸ್‌ಡಿ ಇರುವ ಯಂತ್ರದಲ್ಲಿ ಒಳಗಿನದಕ್ಕೆ ಸಾಮಾನ್ಯವಾಗಿ ಎಸ್‌ಡಿಎ ಎಂಬ ಹೆಸರು, ಪೆನ್‌ಡ್ರೈವ್‌ಗೆ ಎಸ್‌ಡಿಬಿ. ಆದರೆ ಅಗ್ಗದ ಯಂತ್ರಗಳಲ್ಲಿ ಮದರ್‌ಬೋರ್ಡ್‌ಗೇ ಬೆಸುಗೆ ಹಾಕಿದ ಇಎಂಎಂಸಿ ಸಂಗ್ರಹ ಇರುತ್ತದೆ. ಅದರ ಹೆಸರು ಎಂಎಂಸಿ ಎಂದು ಆರಂಭವಾಗುತ್ತದೆ; ಅಲ್ಲಿ ಎಸ್‌ಡಿಎ ಎಂದರೆ ನಿಮ್ಮ ಪೆನ್‌ಡ್ರೈವ್! ಮೆಮೊರಿ ಕಾರ್ಡ್ ಸಿಕ್ಕಿಸಿದ್ದರೆ ಅದೂ ಎಂಎಂಸಿ ಎಂಬ ಹೆಸರಿನಲ್ಲೇ ಬರಬಹುದು, ಆದ್ದರಿಂದ ಕಾರ್ಡ್ ಅನ್ನು ಮೊದಲೇ ತೆಗೆದಿಡಿ. ಹೆಸರನ್ನು ನಂಬದೆ ಗಾತ್ರ ನೋಡಿ. ಬೇರೆ ಗಾತ್ರದ ಪೆನ್‌ಡ್ರೈವ್ ತನ್ನಿ ಎಂದದ್ದು ಇದಕ್ಕಾಗಿಯೇ. ನೀವೇ ವಿಭಾಗಿಸುವವರಿಗೆ ಇಎಂಎಂಸಿಯ ಪಕ್ಕದಲ್ಲಿ ಬೂಟ್0, ಬೂಟ್1 ಎಂಬ ಕೆಲವೇ ಎಂಬಿಗಳ ತುಣುಕುಗಳು ಕಾಣಿಸಬಹುದು. ಅವುಗಳನ್ನು ಮುಟ್ಟಬೇಡಿ.

ಒಳಗಿನ ಡಿಸ್ಕ್ ಪಟ್ಟಿಯಲ್ಲೇ ಇಲ್ಲವೆಂದರೆ ಬಯಾಸ್‌ನಲ್ಲಿ ಡಿಸ್ಕ್ ನಿಯಂತ್ರಕ ಇಂಟೆಲ್ ಆರ್‌ಎಸ್‌ಟಿ ಅಥವಾ ರೇಡ್ ವಿಧಾನದಲ್ಲಿರಬಹುದು. ಅದನ್ನು ಎಎಚ್‌ಸಿಐಗೆ ಬದಲಾಯಿಸಿ. ವಿಂಡೋಸ್ ಉಳಿಸಿಕೊಳ್ಳುವವರು ಮಾತ್ರ ಹಾಗೆ ಏಕಾಏಕಿ ಬದಲಾಯಿಸಬಾರದು, ಅದು ಬೂಟ್ ಆಗುವುದು ನಿಲ್ಲಿಸುತ್ತದೆ.

ಸಮಯವಲಯ, ನಿಮ್ಮ ಹೆಸರು, ಪಾಸ್‌ವರ್ಡ್ ಕೊಟ್ಟರೆ ಮುಗಿಯಿತು. ಫೈಲ್‌ಗಳು ನಕಲಾಗುವಾಗ ಮುಚ್ಚಳ ಮುಚ್ಚಬೇಡಿ. ಕೊನೆಗೆ ಪೆನ್‌ಡ್ರೈವ್ ತೆಗೆದು ಎಂಟರ್ ಒತ್ತಿ ಎಂದು ಅದೇ ಹೇಳುತ್ತದೆ.

ಮೊದಲ ದಿನದ ಕೆಲಸಗಳು

ಅಪ್‌ಡೇಟ್ ಮ್ಯಾನೇಜರ್ ತೆರೆದು ಎಲ್ಲವನ್ನೂ ಹೊಸದಾಗಿಸಿ. ಅದರ ಆದ್ಯತೆಗಳಲ್ಲಿ ಹಳೆಯ ಕರ್ನಲ್‌ಗಳನ್ನು (ಲಿನಕ್ಸ್‌ನ ತಿರುಳಿನ ಹಿಂದಿನ ಆವೃತ್ತಿಗಳನ್ನು) ತಾನಾಗಿಯೇ ತೆಗೆದುಹಾಕುವ ಆಯ್ಕೆಯಿದೆ, ಅದನ್ನು ಆನ್ ಮಾಡಿ. ಇಲ್ಲದಿದ್ದರೆ ಸಣ್ಣ ಡಿಸ್ಕ್ ಕೆಲವೇ ತಿಂಗಳಲ್ಲಿ ತುಂಬಿಕೊಳ್ಳುತ್ತದೆ. ವ್ಯವಸ್ಥೆಯನ್ನು ಹಿಂದಿನ ಸ್ಥಿತಿಗೆ ಮರಳಿಸಲು ನೆರವಾಗುವ ಟೈಮ್‌ಶಿಫ್ಟ್‌ನಲ್ಲಿ ಉಳಿಸುವ ಪ್ರತಿಗಳು ಒಂದೆರಡಕ್ಕಿಂತ ಹೆಚ್ಚಾಗದಿರಲಿ. ಫ್ಲಾಟ್‌ಪ್ಯಾಕ್ ತಂತ್ರಾಂಶಗಳು ತಮಗೆ ಬೇಕಾದ ಸರಂಜಾಮನ್ನೆಲ್ಲ ಜೊತೆಗೇ ತರುವುದರಿಂದ ಬಹಳ ಜಾಗ ನುಂಗುತ್ತವೆ, ಸಾಧ್ಯವಿದ್ದಲ್ಲೆಲ್ಲ ಮಿಂಟ್‌ನದೇ ಸಾಮಾನ್ಯ ಪ್ಯಾಕೇಜ್ ಆರಿಸಿ.

2 ಜಿಬಿ ರ್‍ಯಾಮ್ ಇರುವವರು ಝಡ್‌ರ್‍ಯಾಮ್ ಹಾಕಿಕೊಳ್ಳಲೇಬೇಕು. ಮೆಮೊರಿ ತುಂಬಿದಾಗ ಅದರಲ್ಲಿರುವುದನ್ನು ಡಿಸ್ಕ್‌ಗೆ ತಳ್ಳುವ ಬದಲು, ಮೆಮೊರಿಯಲ್ಲೇ ಕುಗ್ಗಿಸಿ ಮಡಿಸಿಡುವ ವ್ಯವಸ್ಥೆ ಅದು. ಇಎಂಎಂಸಿ ನಿಧಾನ, ಮೇಲಾಗಿ ಎಷ್ಟು ಸಲ ಬರೆಯಬಹುದು ಎಂಬುದಕ್ಕೂ ಮಿತಿಯಿದೆ. ಆದ್ದರಿಂದ ಇದರಿಂದ ವೇಗವೂ ಸಿಗುತ್ತದೆ, ಸಂಗ್ರಹದ ಆಯಸ್ಸೂ ಉಳಿಯುತ್ತದೆ. ಇಷ್ಟಾದರೂ ಬ್ರೌಸರ್‌ನಲ್ಲಿ ಇಪ್ಪತ್ತು ಪುಟಗಳನ್ನು ಒಟ್ಟಿಗೆ ತೆರೆದರೆ ಯಂತ್ರ ಸೋಲುತ್ತದೆ. ನಾಲ್ಕೈದಕ್ಕೆ ಮಿತಿಗೊಳಿಸಿಕೊಳ್ಳಿ.

ಕನ್ನಡ ಬರೆಯಲು ಕೀಲಿಮಣೆಯ ಸೆಟ್ಟಿಂಗ್‌ನಲ್ಲಿ ಕನ್ನಡ ವಿನ್ಯಾಸವನ್ನು ಸೇರಿಸಿ. ಅಲ್ಲಿ ಕಗಪ ವಿನ್ಯಾಸವೂ ಸಿಗುತ್ತದೆ; ನುಡಿ ಬಳಸಿದವರ ಬೆರಳುಗಳಿಗೆ ಹೊಸದಾಗಿ ಕಲಿಯುವುದು ಹೆಚ್ಚೇನೂ ಇರುವುದಿಲ್ಲ. ಗುಬ್ಬಿ, ನವಿಲು ಎಂಬ ಸುಂದರ ಮುಕ್ತ ಫಾಂಟ್‌ಗಳು ಪ್ಯಾಕೇಜ್‌ಗಳಾಗಿಯೇ ಸಿಗುತ್ತವೆ, ಹಾಕಿಕೊಳ್ಳಿ.

ವಿಂಡೋಸ್ ಜೊತೆಗಿಟ್ಟುಕೊಂಡವರಿಗೆ ಗಡಿಯಾರ ಗಂಟೆಗಟ್ಟಲೆ ಹಿಂದೆ ಮುಂದೆ ಆಗಿ ಗಾಬರಿಯಾಗಬಹುದು. ಯಂತ್ರದೊಳಗಿನ ಗಡಿಯಾರದಲ್ಲಿ ವಿಂಡೋಸ್ ಸ್ಥಳೀಯ ಸಮಯವನ್ನೂ ಲಿನಕ್ಸ್ ಜಾಗತಿಕ ಸಮಯವನ್ನೂ ಇಡುವುದರಿಂದ ಹೀಗಾಗುತ್ತದೆ. ಬ್ಯಾಟರಿ ಹಾಳಾಗಿದೆ ಎಂದುಕೊಳ್ಳಬೇಡಿ. ಎರಡರಲ್ಲಿ ಒಂದನ್ನು ಇನ್ನೊಂದರ ಪದ್ಧತಿಗೆ ಹೊಂದಿಸಿದರೆ ಸರಿಹೋಗುತ್ತದೆ.

ಪೆನ್‌ಡ್ರೈವ್ ಅನ್ನು ಕೂಡಲೇ ಅಳಿಸಬೇಡಿ. ಕೆಲವು ಲ್ಯಾಪ್‌ಟಾಪ್‌ಗಳ ಫರ್ಮ್‌ವೇರ್ ಹೊಸ ಬೂಟ್ ದಾಖಲೆಯನ್ನು ಕಡೆಗಣಿಸಿ ಬೂಟ್ ಆಗಲು ಏನೂ ಸಿಗಲಿಲ್ಲ ಎನ್ನುತ್ತದೆ. ಆಗ ಬಯಾಸ್‌ನೊಳಗೆ ಹೋಗಿ ಬೂಟ್ ಅನುಕ್ರಮದಲ್ಲಿ ಉಬುಂಟು ಎಂಬ ಹೆಸರನ್ನು ಮೇಲಕ್ಕೆ ತನ್ನಿ. ಮಿಂಟ್ ಕೂಡ ಅಲ್ಲಿ ಅದೇ ಹೆಸರಿನಲ್ಲಿ ಇರುತ್ತದೆ. ಅದೂ ಕಾಣದಿದ್ದರೆ ಪೆನ್‌ಡ್ರೈವ್‌ನಿಂದ ಮತ್ತೆ ಬೂಟ್ ಮಾಡಿ, ಮೆನುವಿನಲ್ಲಿ ಬೂಟ್ ರಿಪೇರ್ ತೆರೆದು, ಶಿಫಾರಸು ಮಾಡಿದ ದುರಸ್ತಿಯ ಗುಂಡಿ ಒತ್ತಿ. ಆ ಕಿಟಕಿಯೂ ಪರದೆಗಿಂತ ಉದ್ದವಾಗಿದ್ದರೆ, ಆಲ್ಟ್ ಕೀ ಹಿಡಿದು ಮೇಲಕ್ಕೆ ಎಳೆಯಿರಿ.